ಬೇಡ ಅಂದಿದ್ದರ ದುಡ್ಡು

ಅಲ್ಲಲ್ಲ, ಕುರ್ಚಿ ಮೇಲೆ ನೀವೇ ಕೂತ್ಕೊಳ್ಳಿ. ನಂಗೆ ಈ ಟ್ರಂಕ್ ಸಾಕು. ಏಳ್ಬೇಡಿ ಅಂದ್ನಲ್ಲ... ನೀನು ಕೂರು, ನೀವು ಕೂರಿ ಅಂತ ಇಬ್ಬರೂ ನಿಂತ್ಕೊಂಡ್ರೆ ಟೀ ಆರಿಹೋಗುತ್ತೆ ಅಷ್ಟೆ.

ಸಕ್ಕರೆ ಎಷ್ಟು ಹಾಕ್ಬೇಕೋ ಗೊತ್ತಾಗ್ಲಿಲ್ಲ ರೀ. ಒಂದೂವರೆ ಚಮಚ ಹಾಕಿದೀನಿ. ಜಾಸ್ತಿ ಆಯ್ತಾ? ಕಮ್ಮಿನಾ? ಸುಮ್ನೆ ತಲೆ ಆಡಿಸಿದ್ರೆ ಯಾವುದು ಅಂತ ತಿಳ್ಕೊಳ್ಳಲಿ... ಯಾಕ್ ನಗ್ತೀರಿ? ಮದುವೆಯಾಗಿ ಮೂವತ್ತೈದು ವರ್ಷ ಆದ್ಮೇಲೆ ಗಂಡನ ಟೀಗೆ ಸಕ್ಕರೆ ಎಷ್ಟು ಅಂತ ಕೇಳ್ತಿದ್ದಾಳೆ, ಅಂತಾನಾ? ನಗಿ, ನಗಿ. ಮೊದಲು ಗೊತ್ತಿತ್ತು. ಎರಡು ಹಾಕ್ತಿದ್ದೆ. ಆಮೇಲೆ ನಿಮ್ಮ ಟೀ ನೀವೇ ಮಾಡ್ಕೊಂಡು, ನನ್ನ ಟೀ ನಾನೇ ಮಾಡ್ಕೊಂಡು... ಈ ಹನ್ನೆರಡು ವರ್ಷದಲ್ಲಿ ನೀವು ಎಷ್ಟಕ್ಕೆ ಇಳಿಸಿದ್ರೋ, ಎಷ್ಟಕ್ಕೆ ಏರಿಸಿದ್ರೋ, ಯಾರಿಗೆ ಗೊತ್ತು.

ಸರಿ. ಸಭೆ ಶುರು ಮಾಡೋಣ. ಸಂಬಳದ ದಿನ ಅಲ್ಲದಿದ್ರೂ ಇವತ್ತು ಸಭೆ ಆಗ್ಲೇಬೇಕು. ರಾತ್ರಿ ಎಂಟು ಗಂಟೆಗೆ ಬ್ರೆಡ್ ಫ್ಯಾಕ್ಟರಿ ವ್ಯಾನ್ ಬಂದು ಮೂಲೇಲಿ ನಿಲ್ಲುತ್ತೆ. ಅಷ್ಟರೊಳಗೆ ನೀವು ಹೋಗ್ತೀರೋ ಇಲ್ವೋ ತೀರ್ಮಾನ ಆಗ್ಬೇಕು. ನಿಮ್ಮ ಸೂಪರ್‌ವೈಸರ್ ಏನಂದ್ರು? ಮಧ್ಯಾಹ್ನ ನಿಮ್ಮ ಬೀಳ್ಕೊಡುಗೆ ಮಾಡಿ, ಹೂವಿನ ಗುಚ್ಛ ಕೊಟ್ಟು, ಫ್ಲಾಸ್ಕ್ ಕೊಟ್ಟು... ಅಲ್ಲ ರೀ, ರಾತ್ರಿ ಪಾಳಿಯಿಂದ ನಿವೃತ್ತಿ ಆಗೋನಿಗೆ ಯಾರಾದ್ರೂ ಫ್ಲಾಸ್ಕ್ ಕೊಡ್ತಾರಾ? ಎಲ್ಲ ಮಾಡಿ, ಕೊನೆಗೆ ಬಾಗಿಲ ಹತ್ರ ಹೇಳ್ತಾರೆ: ಒಲೆ ಕೆಲಸ ಮುಗೀತು, ಆದ್ರೆ ಗೇಟಿಗೆ ರಾತ್ರಿ ಕಾವಲಿನವನು ಬೇಕು, ಬೇಕಾದ್ರೆ ಇವತ್ತೇ ವ್ಯಾನ್ ಹತ್ತಿ ಬನ್ನಿ, ಇಲ್ಲದಿದ್ರೆ ನಾಳೆ ಬೇರೆಯವರನ್ನ ಇಟ್ಕೋತೀವಿ. ನೀವೇನು ಹೇಳಿದ್ರಿ? ಮನೇಲಿ ಕೇಳಿ ಹೇಳ್ತೀನಿ. ಮನೆ ಅಂದ್ರೆ ನಾನು. ಪಕ್ಕದಲ್ಲೇ ನಿಂತಿದ್ದೆ, ಕೈಯಲ್ಲಿ ಕೇಕ್ ತಟ್ಟೆ ಹಿಡ್ಕೊಂಡು. ಅಲ್ಲೇ ಕೇಳಬಹುದಿತ್ತು.

ಇರ್ಲಿ. ಈಗ ಕೇಳ್ತಿದ್ದೀರಿ ಅಂತ ಇಟ್ಕೊಳ್ಳೋಣ. ಬೂಟು ಯಾಕೆ ಹಾಕ್ಕೊಂಡಿದೀರಿ ಅಂತ ನಾನು ಕೇಳಲ್ಲ. ಏಳು ಗಂಟೆ ಹೊಡೆದ್ರೆ ನಿಮ್ಮ ಕಾಲು ತಾನೇ ಬೂಟು ಹುಡುಕುತ್ತೆ, ಅಭ್ಯಾಸ.

ಮೊದಲು ಹಿಂದಿನ ಸಭೆಯ ನಡಾವಳಿ. ಹಾಗೆಲ್ಲ ಮುಖ ಮಾಡ್ಬೇಡಿ, ನಿಮ್ಮ ಯೂನಿಯನ್‌ನಲ್ಲಿ ಓದಲ್ವಾ? ಅಧ್ಯಕ್ಷೆ ನಾನು, ಸದಸ್ಯರು ನೀವು, ಹನ್ನೆರಡು ವರ್ಷದಿಂದ ಚುನಾವಣೆ ಆಗಿಲ್ಲ. ಸಭೆ ಯಾಕೆ ಶುರುವಾಯ್ತು? ಮಗಳ ಮದುವೆ ಆದ ವರ್ಷ ಅವಳ ಅತ್ತೆ, ಆ ಮಹಾತಾಯಿ, ಊಟಕ್ಕೆ ಕರೆದು, ಎಲ್ಲರ ಮುಂದೆ ಕೇಳಿದ್ರು. ಕೆಲಸ ಮುಗಿದ ಮೇಲೆ ನೀವಿಬ್ಬರೂ ಎಲ್ಲಿರ್ತೀರಿ, ನಮ್ಮ ಮನೇಲಿ ಒಂದೇ ಕೋಣೆ ಹೆಚ್ಚಿಗೆ ಇರೋದು, ಅಂತ. ನೀವು ಚಮಚ ಕೆಳಗಿಟ್ರಿ. ನಾನು ನಗ್ತಾ ಏನೋ ಅಂದೆ. ಮಗಳು ತಲೆ ತಗ್ಗಿಸಿ ಕೂತಿದ್ಲು. ಮನೆ ಮೆಟ್ಟಿಲು ಹತ್ತುವಾಗ ನೀವು ಅಂದ್ರಿ, ಅವಳ ಬಾಗಿಲಿಗೆ ನಾವು ಹೋಗೋದು ಬೇಡ. ಆ ರಾತ್ರಿ ಕೂತು ಒಂದು ಮೊತ್ತ ಬರೆದ್ವಿ. ಇಷ್ಟಾದ್ರೆ ಸಾಯೋವರೆಗೂ ಯಾರ ಹತ್ರಾನೂ ಕೈ ಚಾಚಬೇಕಾಗಿಲ್ಲ ಅಂತ.

ಅದಕ್ಕೇ ನೀವು ರಾತ್ರಿ ಪಾಳಿಗೆ ಹೋದ್ರಿ. ರಾತ್ರಿ ಒಲೆ ಮುಂದೆ ನಿಂತ್ರೆ ಸಂಬಳದ ಮೇಲೆ ಅರ್ಧ ಜಾಸ್ತಿ. ನಾನು ಆಸ್ಪತ್ರೆಯ ಬಟ್ಟೆ ಕೋಣೇಲಿ ಹಗಲು. ಹಾಸಿಗೆ ಚಾದರ ಮಡಿಸೋದು, ಇಸ್ತ್ರಿ ಹೊಡೆಯೋದು, ಮತ್ತೆ ಮಡಿಸೋದು. ಎರಡು ಕೋಣೆಯ ಮನೆ ಬಿಟ್ಟು ಈ ಒಂದು ಕೋಣೆಗೆ ಬಂದ್ವಿ. ಒಬ್ರು ಒಳಗಿದ್ರೆ ಒಬ್ರು ಹೊರಗೆ, ಎರಡನೇ ಕೋಣೆ ಯಾಕೆ? ಎರಡನೇ ಕುರ್ಚಿ ಯಾಕೆ? ನಾನು ಎದ್ದು ಹೋಗೋ ಹೊತ್ತಿಗೆ ನೀವು ಬರ್ತೀರಿ, ನಾನು ಬರೋ ಹೊತ್ತಿಗೆ ನೀವು ಬೂಟು ಕಟ್ತಿರ್ತೀರಿ. ನನ್ನ ರಜೆ ಭಾನುವಾರ, ನಿಮ್ಮದು ಮಂಗಳವಾರ, ಆ ರಾತ್ರಿನೂ ಓವರ್‌ಟೈಮ್ ಅಂತ ಹೋಗ್ತಿದ್ರಿ. ಬ್ರೆಡ್ಡಿಗೆ ಭಾನುವಾರ ಇಲ್ವಲ್ಲ. ಫೋನು ಕೂಡ ಒಂದೇ, ಮೆಟ್ಟಿಲ ಮೇಲೆ ಕೈಯಿಂದ ಕೈಗೆ. ಆಗ ಅದು ಎಂಥ ಬುದ್ಧಿವಂತಿಕೆ ಅನ್ನಿಸಿತ್ತು ಗೊತ್ತಾ? ನಾನು ಕೆಲಸದಲ್ಲಿ ಎಲ್ಲರಿಗೂ ಹೇಳ್ಕೊಂಡು ತಿರುಗಿದ್ದೆ. ನಮ್ಮ ಮನೆ ನೋಡಿ ಕಲೀರಿ ಅಂತ.

ನಡಾವಳಿಯ ಮುಖ್ಯ ಭಾಗ, ಬೇಡ ಡಬ್ಬಿ. ಅದು ಮಾತ್ರ ನನ್ನ ತಲೆಯಿಂದ ಬಂದಿದ್ದು, ಅದರ ಜಂಬ ನಂಗಿದೆ. ಎಲ್ಲರೂ ಬೇಡ ಅಂತಾರೆ, ಬೇಡ ಅಂದ ದುಡ್ಡು ಇನ್ನೊಂದಕ್ಕೆ ಹೋಗಿಬಿಡುತ್ತೆ. ನಮ್ಮನೇಲಿ ಹಾಗಿಲ್ಲ. ಏನನ್ನ ಬೇಡ ಅಂದ್ವೋ ಅದರ ಬೆಲೆ ಅವತ್ತೇ ಡಬ್ಬಿಗೆ ಬೀಳ್ಬೇಕು. ಇಲ್ಲದಿದ್ರೆ ಬೇಡ ಅಂದಿದ್ದು ಸುಳ್ಳು. ನಿಮಗೆ ಕೊಡೆ ಬೇಡ ಅಂದ್ವಿ, ಕೊಡೆ ದುಡ್ಡು ಡಬ್ಬಿಗೆ. ನಂಗೆ ಚಳಿಗಾಲದ ಕೋಟು ಬೇಡ, ಕೋಟಿನ ದುಡ್ಡು ಡಬ್ಬಿಗೆ. ಎರಡನೇ ಕುರ್ಚಿ. ಮೇಜಿನ ಫ್ಯಾನು. ಸಮುದ್ರ ನೋಡೋಕೆ ಎರಡು ದಿನ... ಅದು ನೆನಪಿದೆಯಾ? ಅದರ ದುಡ್ಡು ಒಂದೇ ಸಲ ಹಾಕೋಕೆ ಆಗದೆ ಮೂರು ತಿಂಗಳು ಹಾಕಿದ್ವಿ. ಹೋಗದೇ ಇರೋ ಪ್ರವಾಸಕ್ಕೆ ಕಂತು ಕಟ್ಟಿದವರು ನಾವೊಬ್ಬರೇ ಇರ್ಬೇಕು.

ಮೆಟ್ಟಿಲ ಮೇಲೆ ಸಿಕ್ಕಾಗ ನಮ್ಮ ಮಾತೇನು? ಹಾಲು ಇದೆ. ಬಿಲ್ ಕಟ್ಟಿದೆ. ಚಪ್ಪಲಿ ಕಿತ್ತಿದೆ, ಹೊಲಿಸ್ಲಾ, ಹೊಸದಾ? ಹೊಲಿಸಿ. ಹೊಸದು ಬೇಡ. ಅಷ್ಟೇ. ತಿಂಗಳಿಗೊಂದು ಸಲ ಸಂಬಳದ ದಿನ ಮಾತ್ರ ನೀವು ಅರ್ಧ ಗಂಟೆ ತಡವಾಗಿ ಮಲಗಿ, ನಾನು ಅರ್ಧ ಗಂಟೆ ತಡವಾಗಿ ಹೋಗಿ, ಡಬ್ಬಿ ಸುರಿದು ಎಣಿಸಿ... ಸಭೆ ಮುಕ್ತಾಯ.

ಸರಿ, ಇವತ್ತಿನ ವಿಷಯ. ಹೋಗಬೇಕಾ, ಬೇಡ್ವಾ? ಲೆಕ್ಕ ಹೇಳ್ತೀನಿ. ನಿಮ್ಮ ಪೆನ್ಷನ್ನು, ನನ್ನ ಪೆನ್ಷನ್ನು, ಬ್ಯಾಂಕಿನ ಬಡ್ಡಿ. ಮೂರೂ ಸೇರಿ ತಿಂಗಳಿಗೆ ಇಪ್ಪತ್ತಾರು ಸಾವಿರ. ಬಾಡಿಗೆ, ದಿನಸಿ, ಹಾಲು, ಕರೆಂಟು, ನನ್ನ ಮಂಡಿ ಔಷಧಿ, ಮಗಳ ಮಗುವಿಗೆ ಏನೋ ಒಂದು, ಎಲ್ಲ ಕಳೆದ್ರೆ ಇಪ್ಪತ್ತೊಂದು. ಐದು ಸಾವಿರ ಉಳೀತು. ಬ್ಯಾಂಕಿನಲ್ಲಿರೋ ಅಸಲಿಗೆ ಕೈ ಹಾಕೋ ಪ್ರಶ್ನೆನೇ ಇಲ್ಲ. ನಾವು ಬರೆದ ಮೊತ್ತ ತುಂಬಿದೆ ಅಂತ ಹೋದ ತಿಂಗಳ ಸಭೇಲೇ ಹೇಳ್ದೆನಲ್ಲ. ಸಾಕು. ಲೆಕ್ಕ ಸಾಕು ಅನ್ನುತ್ತೆ. ಗೇಟು ಕಾಯೋ ಅಗತ್ಯ ಇಲ್ಲ.

ಆದ್ರೆ... ಇಲ್ಲ, ಆದ್ರೆ ಏನಿಲ್ಲ. ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು ಅಂತಾರಲ್ಲ, ಅಷ್ಟೆ. ಇಬ್ಬರೂ ಮನೇಲಿದ್ರೆ ಖರ್ಚು ಬೇರೆ ಥರ ರೀ. ಈಗ ನೋಡಿ, ಕುರ್ಚಿ ಒಂದು ಬೇಕೇ ಬೇಕು. ನಾನು ಎಷ್ಟು ದಿನ ಅಂತ ಟ್ರಂಕ್ ಮೇಲೆ ಕೂರ್ಲಿ? ಹಗಲೂ ರಾತ್ರಿ ಮನುಷ್ಯರು ಒಳಗಿದ್ರೆ ಫ್ಯಾನು ಬೇಕು. ನಿಮ್ಮ ಹಲ್ಲು ಎರಡು ಕೀಳಿಸ್ಬೇಕು. ಬಾಡಿಗೆ ವರ್ಷಕ್ಕೊಂದು ಸಲ ಏರುತ್ತೆ, ಬಡ್ಡಿ ವರ್ಷಕ್ಕೊಂದು ಸಲ ಇಳಿಯುತ್ತೆ. ಆಮೇಲೆ... ಆಮೇಲೆ ಹಗಲು ಹೊತ್ತು ಏನು ಮಾಡೋದು? ಅದಕ್ಕೂ ಖರ್ಚಿರುತ್ತೆ. ಜನ ಏನು ಮಾಡ್ತಾರೆ ಹಗಲು ಹೊತ್ತಲ್ಲಿ? ಪಾರ್ಕಿಗೆ ಹೋಗ್ತಾರೆ, ಪೇಪರ್ ತರಿಸ್ತಾರೆ, ಟಿವಿ ನೋಡ್ತಾರೆ. ಎಲ್ಲಕ್ಕೂ ದುಡ್ಡು.

ನಾನು ಹೋಗಿ ಅಂತ ಹೇಳ್ತಿಲ್ಲ. ಲೆಕ್ಕ ಹೇಳ್ತಿದೀನಿ.

ಹಾಗಂತ ಇರಿ ಅಂತಾನೂ... ನೋಡಿ, ನಿಮ್ಮ ಇಷ್ಟ. ಟೀ ಕುಡೀರಿ.

ಈ ಒಂದು ವಾರ ನಾನು ಏನು ಮಾಡ್ದೆ ಗೊತ್ತಾ? ನನ್ನ ಕೆಲಸ ಮುಗಿದು ಒಂದು ವಾರ ಆಯ್ತಲ್ಲ. ನೀವು ಬೆಳಿಗ್ಗೆ ಬಂದು ಮಲಗ್ತೀರಿ. ನಾನು ಒಳಗಿದ್ರೆ ಪಾತ್ರೆ ಸದ್ದಾಗುತ್ತೆ, ಎಚ್ಚರ ಆಗುತ್ತೆ ಅಂತ ಹೊರಗೆ ಮೆಟ್ಟಿಲ ಮೇಲೆ ಕೂತಿರ್ತಿದ್ದೆ. ದಿನಾ. ಕೆಳಗಿನ ಮನೆ ದರ್ಜಿ ಹೆಂಡತಿ ನೋಡಿ, ಬೀಗದ ಕೈ ಕಳ್ಕೊಂಡ್ರಾ ಅಕ್ಕಾ, ಅಂದ್ಲು. ಹೂಂ ಅಂದೆ. ಮಾರನೇ ದಿನಾನೂ ಕೂತಿದ್ದೆ. ಇನ್ನೂ ಸಿಕ್ಕಿಲ್ವಾ ಅಂದ್ಲು. ಇನ್ನೂ ಸಿಕ್ಕಿಲ್ಲ ಅಂದೆ. ಮೂರನೇ ದಿನ ಅವಳೇನೂ ಕೇಳಲಿಲ್ಲ, ಒಂದು ಮಣೆ ತಂದು ಕೊಟ್ಲು ಕೂರೋಕೆ.

ನಗಬೇಕಾದ ಜಾಗ ಇದು. ಈಗ ನಗಲ್ಲ ನೀವು.

ಯಾಕೆ ಕಿಟಕಿ ಕಡೆ ನೋಡ್ತೀರಿ? ವ್ಯಾನಿಗೆ ಇನ್ನೂ ಹೊತ್ತಿದೆ. ದರ್ಜಿ ಮಷೀನು ನಿಂತ ಮೇಲೇ ಅದು ಬರೋದು, ಮಷೀನು ಇನ್ನೂ ಓಡ್ತಿದೆ ಕೇಳಿ. ಸಭೆ ನಡುವೆ ಎದ್ದು ಹೋಗೋ ಹಾಗಿಲ್ಲ. ಇನ್ನೊಂದು ವಿಷಯ ಇದೆ. ಇತರೆ ವಿಷಯಗಳು ಅಂತ ಕೊನೇಲಿ ಬರುತ್ತಲ್ಲ, ಅದು.

ಮಧ್ಯಾಹ್ನ ಬೀಳ್ಕೊಡುಗೇಲಿ ನೀವು ಆ ಕಡೆ ನಿಮ್ಮ ಜೊತೆಯವರ ಹತ್ರ ಮಾತಾಡ್ತಿದ್ರಿ. ಸೂಪರ್‌ವೈಸರ್ ನನ್ನ ಹತ್ರ ಬಂದು, ಪಾಪ ಒಳ್ಳೆ ಮನುಷ್ಯ, ನಿಮ್ಮನ್ನ ಹೊಗಳಿದ್ರು. ಇಷ್ಟು ವರ್ಷದಲ್ಲಿ ಒಂದು ಟ್ರೇ ಸೀದಿಲ್ಲ ಅಮ್ಮಾ ಅಂದ್ರು. ಆಮೇಲೆ ಅಂದ್ರು, ವಯಸ್ಸಾಯ್ತು ಅಂತ ಮೂರು ವರ್ಷದ ಹಿಂದೇನೇ ಹಗಲು ಪಾಳಿ ಕೊಟ್ಟಿದ್ವಿ, ಸಂಬಳದಲ್ಲಿ ಒಂದು ಕಾಸೂ ಕಮ್ಮಿ ಮಾಡದೆ. ಇವ್ರೇ ಬೇಡ ಅಂದ್ರು.

ನನ್ನ ಬಾಯಲ್ಲಿ ಕೇಕಿತ್ತು. ನುಂಗಿ, ನಕ್ಕು, ಹೌದು ಅವರಿಗೆ ರಾತ್ರಿನೇ ಒಗ್ಗೋದು, ಅಂದೆ. ಗಂಡನ ಮರ್ಯಾದೆ ಉಳಿಸ್ಬೇಕಲ್ಲ, ಎಲ್ಲ ಗೊತ್ತಿದ್ದವಳ ಹಾಗೆ ತಲೆ ಆಡಿಸ್ದೆ. ವಾಪಸ್ ಬರುವಾಗ ಬಸ್ಸಿನಲ್ಲಿ ನಿಮ್ಮ ಪಕ್ಕ ಕೂತು ಅದನ್ನೇ ಯೋಚಿಸ್ತಿದ್ದೆ. ನೀವು ಫ್ಲಾಸ್ಕ್ ಮುಚ್ಚಳ ತಿರುಗಿಸಿ ತಿರುಗಿಸಿ ನೋಡ್ತಿದ್ರಿ.

ನಮ್ಮ ನಿಯಮ ಏನು? ಬೇಡ ಅಂದಿದ್ದರ ಬೆಲೆ ಅವತ್ತೇ ಡಬ್ಬಿಗೆ. ಇದಕ್ಕೆ ಎಷ್ಟು ಹಾಕಿದ್ರಿ ರೀ? ನನ್ನ ಜೊತೆ ಸಂಜೆ ಊಟ ಬೇಡ. ಬೇಡ ಅಂತ ಸೂಪರ್‌ವೈಸರ್ ಮುಂದೆ ಹೇಳಿ ಬಂದ್ರಿ. ಅದರ ಬೆಲೆ ಎಷ್ಟು ಅಂತ ಕಟ್ಟಿದ್ರಿ?

ಹೇಳಿ.

ಕೋಪ ಇಲ್ಲ ನಂಗೆ. ಇತ್ತು, ಮಧ್ಯಾಹ್ನ ಇತ್ತು. ಬಸ್ಸಿನಿಂದ ಇಳಿಯೋ ಹೊತ್ತಿಗೆ ಏನೋ ಒಂಥರಾ... ಆ ರಾತ್ರಿ ಜ್ಞಾಪಕ ಬಂತು. ಯಾವ ರಾತ್ರಿ ಅಂತ ನಿಮಗೆ ಗೊತ್ತು. ಮೂರು ವರ್ಷದ ಹಿಂದೆ, ಫ್ಯಾಕ್ಟರೀಲಿ ನಿಮ್ಮ ಒಲೆ ಕೆಟ್ಟು ಎಲ್ಲರನ್ನೂ ಮನೆಗೆ ಕಳಿಸಿದ್ರಲ್ಲ. ಹತ್ತು ಗಂಟೆಗೆ ಬಾಗಿಲು ತಟ್ಟಿದ್ರಿ. ಯಾರು ಅಂದೆ. ನಾನು ಅಂದ್ರಿ. ನಾನು ಅಂದ್ರೆ ಯಾರು ಅಂದೆ. ನಿಮ್ಮ ದನಿ ನಂಗೆ ಮೆಟ್ಟಿಲ ಮೇಲೆ ಗೊತ್ತು, ಬೆಳಕಲ್ಲಿ ಗೊತ್ತು, ಬಾಗಿಲ ಹಿಂದೆ ಗೊತ್ತಾಗ್ಲಿಲ್ಲ.

ಒಳಗೆ ಬಂದ್ರಿ. ಇದೇ ಕುರ್ಚಿ ಮೇಲೆ ಕೂತ್ರಿ. ನಾನು ಅಲ್ಲಿ, ಒಲೆ ಪಕ್ಕ ನಿಂತ್ಕೊಂಡೆ. ಬ್ರೆಡ್ ಇದೆ, ಸೂಪ್ ಬಿಸಿ ಮಾಡ್ಲಾ ಅಂದೆ. ಬೇಡ ಅಂದ್ರಿ. ಒಲೆಗೆ ಏನಾಯ್ತಂತೆ ಅಂದೆ. ಏನೋ ಆಯ್ತಂತೆ ಅಂದ್ರಿ. ಆಮೇಲೆ? ಆಮೇಲೆ ಮಾತೇ ಇಲ್ಲ ರೀ. ನಾನು ಹುಡುಕ್ದೆ, ನಿಜವಾಗ್ಲೂ ಹುಡುಕ್ದೆ, ಏನಾದ್ರೂ ಹೇಳೋಣ ಅಂತ. ಹಾಲು ಇದೆ ಅನ್ನೋದೊಂದೇ ಬಾಯಿಗೆ ಬಂತು. ನೀವು ಕೆಮ್ಮಿದ್ರಿ, ಮನೇಲಿ ಬೇರೆ ಯಾರೋ ಗಂಡಸು ಇದ್ದಾನೆ ಅನ್ನೋ ಹಾಗೆ ನಾನು ತಿರುಗಿ ನೋಡ್ದೆ. ಅದು ನಿಮಗೂ ಗೊತ್ತಾಯ್ತು. ಮುಖ ನೋಡ್ದೆನಲ್ಲ ನಾನು. ಸ್ವಲ್ಪ ಹೊತ್ತಿಗೆ ಎದ್ದು, ಒಲೆ ರಿಪೇರಿ ಆಯ್ತೇನೋ ನೋಡ್ಕೊಂಡು ಬರ್ತೀನಿ, ಅಂತ ಹೊರಟುಬಿಟ್ರಿ.

ಒಲೆ ರಿಪೇರಿ ಆಗಿದ್ದು ಮಾರನೇ ದಿನ ಮಧ್ಯಾಹ್ನ. ದರ್ಜಿಯ ತಮ್ಮ ನಿಮ್ಮಲ್ಲೇ ಕೆಲಸ ಮಾಡ್ತಾನಲ್ಲ, ಅವನು ಹೇಳ್ದ. ಹಾಗಾದ್ರೆ ಆ ರಾತ್ರಿ ಎಲ್ಲಿದ್ರಿ ನೀವು? ನಾನು ಕೇಳಲಿಲ್ಲ. ನೀವು ಹೇಳಲಿಲ್ಲ. ಬಸ್ ನಿಲ್ದಾಣದಲ್ಲಿ ಕೂತಿದ್ರೇನೋ. ನಡೆದಾಡಿದ್ರೇನೋ. ಕೊರೆಯೋ ಚಳಿ ಬೇರೆ.

ನಿಮ್ಮ ಹೆಜ್ಜೆ ಸದ್ದು ಕೆಳಗಿಳಿದು ಹೋಗೋವರೆಗೂ ಕಾದು ನಾನು... ಉಸಿರು ಬಿಟ್ಟೆ ರೀ. ಅಬ್ಬಾ ಅಂತ. ಅದೇ ನನ್ನನ್ನ ತಿಂದಿದ್ದು. ಗಂಡ ಮನೆ ಬಿಟ್ಟು ಹೋದ್ರೆ ಹೆಂಗಸು ಅಬ್ಬಾ ಅಂತ ಉಸಿರು ಬಿಡ್ತಾಳಾ? ಹೊಡೆಯೋ ಗಂಡ ಅಲ್ಲ, ಕುಡಿಯೋ ಗಂಡ ಅಲ್ಲ. ಒಂದು ಕೆಟ್ಟ ಮಾತು ಆಡಿದವರಲ್ಲ ನೀವು. ಮಾತೇ ಆಡಿದವರಲ್ಲ, ಅದು ಬೇರೆ. ನಾನೂ ಅಷ್ಟೆ.

ಅದಕ್ಕೇ ನೀವು ಹಗಲು ಪಾಳಿ ಬೇಡ ಅಂದ್ರಿ. ಅದು ನಂಗೆ ಅರ್ಥ ಆಯ್ತು. ಅರ್ಥ ಆಗದೇ ಇರೋದು ಇನ್ನೊಂದು. ಸೂಪರ್‌ವೈಸರ್ ಹೇಳಿದ ಮಾತು ಅಲ್ಲಿಗೇ ಮುಗೀಲಿಲ್ಲ. ನೀವು ಆಗ ಅಂದ್ರಂತೆ, ದುಡ್ಡಿಗೋಸ್ಕರ ಅಲ್ಲ ಸಾರ್, ದುಡ್ಡು ಮನೇಲಿ ಸಾಕಾಗಿದೆ, ಸುಮ್ನೆ ನನ್ನನ್ನ ರಾತ್ರಿಗೇ ಬಿಟ್ಟುಬಿಡಿ, ಅಂತ.

ಮೂರು ವರ್ಷದ ಹಿಂದೆ. ಸಾಕಾಗಿದೆ ಅಂತ.

ಹೇಗೆ ಹೇಳಿದ್ರಿ ಹಾಗೆ? ಆಗ ಎಲ್ಲಿ ಸಾಕಾಗಿತ್ತು? ಸಾಕಾಯ್ತು ಅಂತ ನಾನು ಹೇಳಿದ್ದು ಹೋದ ತಿಂಗಳು. ಅದಕ್ಕೆ ಮುಂಚೆ ಪ್ರತಿ ಸಭೇಲೂ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತಾನೇ ಹೇಳಿದೀನಿ. ಸಂಬಳ ತಂದು ನನ್ನ ಕೈಗೆ ಕೊಡೋದೊಂದು ಬಿಟ್ರೆ ನೀವು ಲೆಕ್ಕದ ಕಡೆ ತಲೆ ಹಾಕಿದವರೇ ಅಲ್ಲ. ಅದೇನೋ ನೀನೇ ನೋಡ್ಕೋ ಅಂತೀರಿ. ಸೂಪರ್‌ವೈಸರ್ ಏನೋ ತಪ್ಪು ನೆನಪಿಟ್ಕೊಂಡಿದಾರೆ. ಅಲ್ವಾ? ಅವರಿಗೆ ನೂರು ಜನರ ಮಾತು. ಬೇರೆ ಯಾರೋ ಹೇಳಿದ್ದು ನಿಮ್ಮ ತಲೆಗೆ ಕಟ್ಟಿದ್ದಾರೆ.

ಹೌದು ಅನ್ನಿ.

ಹೌದು ಅನ್ನಬಹುದಲ್ಲ. ಇಲ್ಲ ಅಂತಾದ್ರೂ ಅನ್ನಿ. ಅಥವಾ ಕೇಳಿ ನನ್ನನ್ನ, ಯಾವಾಗ ತುಂಬಿತು ಕಣೇ ಅಂತ. ಹೋದ ತಿಂಗಳು ಸಾಕಾಯ್ತು ಅಂದಾಗ್ಲೂ ನೀವು ಕೇಳಲಿಲ್ಲ. ಹನ್ನೆರಡು ವರ್ಷ ಬೆಂಕಿ ಮುಂದೆ ನಿಂತವರು, ಕೆಲಸ ಮುಗೀತು ಅಂದ್ರೆ ಒಂದು ಸಲ ಹುಬ್ಬಾದ್ರೂ ಏರಿಸ್ತಾರೆ. ನೀವು, ಆಯ್ತು ಅಂದು ದಿಂಬು ಸರಿ ಮಾಡ್ಕೊಂಡು ಮಲಗಿದ್ರಿ. ನಾನು ಅಂದ್ಕೊಂಡೆ, ಸುಸ್ತಾಗಿದಾರೆ ಅಂತ.

ತಲೆ ಎತ್ತಿ ರೀ.

ಹಾಗೆ ನೋಡ್ಬೇಡಿ ನನ್ನನ್ನ.

ಟ್ರೇಗೆ ಎಷ್ಟು ಬ್ರೆಡ್, ಒಲೆಗೆ ಎಷ್ಟು ಟ್ರೇ, ರಾತ್ರಿಗೆ ಎಷ್ಟು ಒಲೆ... ಎಲ್ಲ ಬಾಯಲ್ಲೇ ಕೂಡೋ ಮನುಷ್ಯ. ಇವರಿಗೆ ಲೆಕ್ಕ ಬರಲ್ಲ ಅಂತ ನಾನು ಹೇಗೆ ನಂಬ್ದೆ? ನಿಮ್ಮ ಸಂಬಳ ನಿಮಗೆ ಗೊತ್ತು, ನನ್ನ ಸಂಬಳ ಗೊತ್ತು, ಡಬ್ಬಿಗೆ ಬಿದ್ದ ಪ್ರತಿಯೊಂದೂ ನಿಮ್ಮ ಕಣ್ಣ ಮುಂದೇನೇ ಬಿತ್ತು. ಕೂಡೋಕೆ ಎಷ್ಟು ಹೊತ್ತು ಬೇಕು. ಗೊತ್ತಿತ್ತು ನಿಮಗೆ.

ಆಯ್ತು. ಮೂರು ವರ್ಷ ಆಯ್ತು. ಒಲೆ ಕೆಟ್ಟ ಆ ರಾತ್ರಿ ಆಗಿ ಎರಡೇ ವಾರಕ್ಕೆ ಸಂಬಳದ ದಿನ ಬಂತು. ಬ್ಯಾಂಕಿಗೆ ಹೋಗಿ ಕಟ್ಟಿ ಬಂದೆ, ಅವತ್ತೇ ತುಂಬಿತು. ದಾರೀಲಿ ನಿಂತು ಎರಡು ಸಲ ಕೂಡಿ ನೋಡ್ದೆ. ಸಂತೋಷ ಆಗ್ಬೇಕಿತ್ತು. ಮನೆಗೆ ಓಡಿ ಬಂದು ನಿಮ್ಮನ್ನ ಎಬ್ಬಿಸ್ಬೇಕಿತ್ತು. ನಾನು ಸಂತೆಗೆ ಹೋಗಿ ಆಲೂಗಡ್ಡೆ ತಗೊಂಡು, ಸುತ್ತು ಹಾಕ್ಕೊಂಡು, ನೀವು ಕೆಲಸಕ್ಕೆ ಹೊರಟ ಮೇಲೇ ಬಂದೆ. ಮುಂದಿನ ಸಭೇಲಿ ಬಡ್ಡಿ ಇಳಿದಿದೆ, ಇನ್ನೂ ಸ್ವಲ್ಪ ಬೇಕು ಅಂದೆ. ಬಡ್ಡಿ ಇಳಿದಿರಲಿಲ್ಲ. ನೀವು ಹೂಂ ಅಂದ್ರಿ. ಅದರ ಮುಂದಿನ ಸಲ ಔಷಧಿಗೆ ಅಂತ ಬೇರೆ ತೆಗೆದಿಡ್ಬೇಕು ಅಂದೆ. ಹೂಂ ಅಂದ್ರಿ. ಹೂಂ ಅನ್ನುವಾಗ ನಿಮಗೆ ಗೊತ್ತಿತ್ತು, ಇವಳು ಸುಳ್ಳು ಹೇಳ್ತಿದ್ದಾಳೆ ಅಂತ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅಂತಾರೆ, ಇಲ್ಲಿ ಎರಡು ಬೆಕ್ಕು, ಒಂದೇ ಬಟ್ಟಲು.

ಒಂದು ಸಲ, ಒಂದೇ ಒಂದು ಸಲ ನೀವು ಹೇಳಿದ್ರೆ... ಸಾಕಲ್ವೇನೇ, ಇನ್ನೆಷ್ಟು ಅಂತ. ನಾನು ಆಗ್ಲೇ ಬಿಟ್ಟುಬಿಡ್ತಿದ್ದೆ. ಬಿಡ್ತಿದ್ದೆನಾ? ಗೊತ್ತಿಲ್ಲ. ನಾನು ಹೇಳ್ಲಿ ಅಂತ ನೀವು ಕಾದ್ರಿ, ನೀವು ಕೇಳ್ಲಿ ಅಂತ ನಾನು ಕಾದೆ. ಕಾಯ್ತಾ ಕಾಯ್ತಾ ಮೂರು ವರ್ಷ. ದುಡ್ಡು ಮಾತ್ರ ಬೆಳೀತಾ ಹೋಯ್ತು. ಯಾರಿಗೆ ಬೇಕಿತ್ತು ರೀ ಆ ದುಡ್ಡು. ಸಮುದ್ರ ನೋಡಬಹುದಿತ್ತು.

ದರ್ಜಿ ಮಷೀನು ನಿಂತು ಎಷ್ಟು ಹೊತ್ತಾಯ್ತು? ನಾನು ಗಮನಿಸ್ಲೇ ಇಲ್ಲ.

ಅದೋ, ಹಾರನ್. ಬಂತು.

ಹೋಗೋದಾದ್ರೆ ಹೋಗಿ. ನಾನು ಅಡ್ಡ ಬರಲ್ಲ. ಊಟದ ಡಬ್ಬಿಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ ಹಾಕಿಟ್ಟಿದೀನಿ, ನೋಡಿ, ಅದನ್ನೂ ಮಾಡಿಟ್ಟಿದೀನಿ, ಹೋಗ್ತೀರೇನೋ ಅಂತ. ಆದ್ರೆ ಅಧ್ಯಕ್ಷೆಯಾಗಿ ಲೆಕ್ಕ ಸರಿಯಾಗಿ ಹೇಳ್ಬೇಕು, ಇದೊಂದು ಸಲ. ಕುರ್ಚಿಗೆ ದುಡ್ಡಿದೆ. ಫ್ಯಾನಿಗೆ ಇದೆ. ನಿಮ್ಮ ಹಲ್ಲಿಗೆ ಇದೆ. ಬಾಡಿಗೆ ಎಷ್ಟೇ ಏರಿದ್ರೂ ಇದೆ. ಮೂರು ವರ್ಷದ್ದು ಹೆಚ್ಚಿಗೇನೇ ಬಿದ್ದಿದೆ. ನೀವು ಹೋಗೋಕೆ ದುಡ್ಡಿನ ಕಾರಣ ಒಂದೂ ಇಲ್ಲ. ಹೋದ್ರೆ ನನ್ನಿಂದ ದೂರ ಇರೋಕೆ ಹೋಗ್ತೀರಿ. ಅದು ನಿಮಗೂ ಗೊತ್ತಿರಲಿ, ನಂಗೂ ಗೊತ್ತಿರಲಿ.

ಮತ್ತೆ ಹಾರನ್. ಇನ್ನೊಂದು ಸಲ ಹೊಡೀತಾನೆ, ಅಷ್ಟೇ.

ಹೋಗ್ಬೇಡಿ.

ನಂಗೆ ಭಯ ಆಗುತ್ತೆ ರೀ. ನೀವು ಹೋದ್ರೂ ಭಯ, ಇದ್ರೂ ಭಯ. ಆದ್ರೆ ನೀವು ಹೋಗ್ಬೇಡಿ. ಮಾತಿಲ್ಲದಿದ್ರೆ ಬೇಡ. ಸುಮ್ನೆ ಕೂರೋಣ. ದಿನಾ ಸಂಜೆ ಹೀಗೇ ಕೂತು ಸುಮ್ನಿರೋಣ, ಯಾವತ್ತಾದ್ರೂ ಒಂದು ದಿನ ಏನಾದ್ರೂ ಬಂದೇ ಬರುತ್ತೆ ಬಾಯಿಗೆ. ಬರದಿದ್ರೆ ಹಾಲು ಇದೆ ಅಂತಾನೇ ಹೇಳ್ತೀನಿ. ನೀವು ಹೂಂ ಅನ್ನಿ.

ಹೋಯ್ತು.

ವ್ಯಾನು ಹೋಯ್ತು ರೀ. ಎದ್ದಿಲ್ಲ ನೀವು.

ಬೂಟು ಬಿಚ್ಚಿ ಇನ್ನು. ಲೇಸು ಗಂಟಾಗಿದೆಯಾ? ಇರಿ, ನಾನು... ಇಲ್ಲ ಇಲ್ಲ, ನೀವೇ ಬಿಚ್ಕೊಳ್ಳಿ, ಬಿಚ್ಕೊಳ್ಳಿ. ತಪ್ಪು ಎಳೆ ಎಳೀತಿದೀರಿ ನೀವು. ಸರಿ ಬಿಡಿ, ಕಾಲು ಈ ಕಡೆ ಚಾಚಿ. ಎಷ್ಟು ಬಿಗಿಯಾಗಿ ಕಟ್ಟಿದೀರಿ, ಪುಣ್ಯಾತ್ಮ.

ಚಾದರ ಇವತ್ತು ಒಗ್ದು ಹಾಸಿದೀನಿ. ಒಗೀಬಾರದಿತ್ತೇನೋ. ಸಂಜೆ ನಾನು ಕೆಲಸದಿಂದ ಬಂದ್ರೆ ದಿಂಬು, ಚಾದರ ಎಲ್ಲ ಬ್ರೆಡ್ಡಿನ ವಾಸನೆ ಇರ್ತಿತ್ತು. ಅದರ ಮೇಲೇ ಮುಖ ಇಟ್ಟು ಮಲಗ್ತಿದ್ದೆ. ಆ ವಾಸನೆ ಜೊತೇನೇ ಹನ್ನೆರಡು ವರ್ಷ ಸಂಸಾರ ಮಾಡ್ದೆ ಅಂದ್ರೂ ತಪ್ಪಿಲ್ಲ. ನಿಮಗೆ ನನ್ನ ಕಡೆಯಿಂದ ಏನು ವಾಸನೆ ಬರ್ತಿತ್ತೋ. ಆಸ್ಪತ್ರೆ ಸೋಪಿಂದು ಇರ್ಬೇಕು.

ನೀವು ಯಾವ ಕಡೆ ಮಲಗ್ತೀರಿ? ಗೋಡೆ ಕಡೆನಾ, ಕಿಟಕಿ ಕಡೆನಾ? ನಂಗೆ ಎರಡೂ ಆಗುತ್ತೆ, ನೀವು ಹೇಳಿ.

ಯಾಕೆ ಹಾಗೆ ಹಾಸಿಗೆ ನೋಡ್ತಾ ನಿಂತ್ರಿ? ಇದನ್ನ ಹೇಳೋಕೇನು... ಓ.

ಮಧ್ಯದಲ್ಲಾ?

ನಾನೂ ಮಧ್ಯದಲ್ಲೇ ರೀ.